ಕಬ್ಬಿಣ ನೋಡಿದವನು

ಅಟರ್‌ಕ್ಲಿಫ್, ಶೆಫೀಲ್ಡ್
ನವೆಂಬರ್ 1876, ಭಾನುವಾರ ಮಧ್ಯಾಹ್ನ

ಅಪ್ಪಾ,

('ಪ್ರೀತಿಯ' ಅಂತ ಮೊದಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ಹ್ಯಾನಾ ಅಕ್ಕಾ, ಓದುವಾಗ ಹೊಡೆದು ಹಾಕಿದ್ದನ್ನೂ ಅವನಿಗೆ ಓದಿ ಹೇಳು.)

ಹೌದು, ನಾನು ಕಬ್ಬಿಣ ನೋಡಿದೆ. ನೋಡಿಲ್ಲ ಅಂತ ಯಾರ ಮುಂದೆಯೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ನೀನು ಅಕ್ಕನ ಊರು ಗ್ರಿಮ್ಸ್‌ಬಿಯ ರೈಲು ಹತ್ತುವಾಗ ಒಂದು ಮಾತೂ ಆಡಲಿಲ್ಲ. ತಮ್ಮ ಜೋಯಲ್‌ನ ತಲೆ ಸವರಿದೆ, ಅಮ್ಮನ ಭುಜ ಮುಟ್ಟಿದೆ, ನನ್ನ ಸರದಿ ಬಂದಾಗ ಕೈಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡೆ. ಅದರ ಅರ್ಥ ನನಗೆ ಆಗುವುದಿಲ್ಲ ಅಂದುಕೊಂಡೆಯಾ? 'ಉಗಿ ಸುತ್ತಿಗೆ ನಡೆಸುವವನು ಮೇಸ್ತ್ರಿಯಾದ ನನ್ನ ಕೈ ನೋಡಬೇಕು, ಕಬ್ಬಿಣ ನೋಡಬಾರದು. ಇವನು ಕಬ್ಬಿಣ ನೋಡಿದ, ಉಳಿ ಹಿಡಿಯುವ ಬೆನ್ ಹೇಗ್‌ನ ಕೈ ಜಜ್ಜಿಹೋಯಿತು, ಹುಟ್ಟಿಸಿದ ತಪ್ಪಿಗೆ ನಾನು ತಲೆ ತಗ್ಗಿಸಬೇಕಾಯಿತು.' ಇಷ್ಟೂ ನಿನ್ನ ಆ ಜೇಬಿನಲ್ಲಿತ್ತು. ಊರಿಗೆ ಊರೇ ಇದನ್ನೇ ಹೇಳುತ್ತಿದೆ. ಊರಿನ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಏನೂ ಗೊತ್ತಿಲ್ಲ. ನಿನಗೆ ಗೊತ್ತು.

ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ಸುದ್ದಿ ಬರೆಯಬೇಕು ಅಂತ ಚಾಪೆಲಿನ ಭಾನುವಾರದ ಶಾಲೆಯಲ್ಲಿ ಕಲಿಸಿದ್ದರು. ಕಾರ್ಖಾನೆಗೆ ಸೇರಿಸಲು ನೀನು ನನ್ನನ್ನು ನಿಜವಾದ ಶಾಲೆಯಿಂದ ಬಿಡಿಸಿದ ಮೇಲೆ ನನಗೆ ಉಳಿದ ವಿದ್ಯೆ ಅಷ್ಟೇ, ಅದನ್ನಾದರೂ ಪಾಲಿಸುತ್ತೇನೆ. ಮಂಡಿ ನೋವು ಹೇಗಿದೆ? ಸಮುದ್ರದ ಗಾಳಿಗೆ ಕೆಮ್ಮು ಕಡಿಮೆಯಾಯಿತೇ? ಭಾವ ದೋಣಿಯಿಂದ ತರುವ ಮೀನನ್ನು ಅಕ್ಕ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತಾಳೆ ಅಂತ ಅಮ್ಮನಿಗೆ ಬರೆಸಿದ್ದೆಯಲ್ಲ. ಮುಳ್ಳನ್ನು ನೀನೇ ಯಾಕೆ ಬಿಡಿಸಿಕೊಳ್ಳುವುದಿಲ್ಲ ಅಂತ ಅಕ್ಕ ಕೇಳಲಿಲ್ಲವೇ? ಕೇಳದಿದ್ದರೆ ಈ ಕಾಗದ ಮುಗಿಯುವಷ್ಟರಲ್ಲಿ ಅವಳಿಗೇ ತಿಳಿಯುತ್ತದೆ. ಅಕ್ಕಾ, ಜೋರಾಗಿ ಓದು. ಅವನು 'ಸಾಕು ಮಡಿಸಿಡಮ್ಮ' ಅಂದರೂ ನಿಲ್ಲಿಸಬೇಡ. ಅಡುಗೆ ಕರಕಲಾದರೂ ಪರವಾಗಿಲ್ಲ.

ಇಲ್ಲಿ ಮನೆಯಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಹಲ್ಲುನೋವು ಹೋಗಿದೆ. ಜೋಯಲ್ ಚಾಕುವಿನ ಹಿಡಿ ಉಜ್ಜುವ ಅಂಗಡಿಗೆ ಹೋಗಿ ಬರುತ್ತಾನೆ, ಮೈಯೆಲ್ಲ ಮೂಳೆಯ ಪುಡಿ ಮೆತ್ತಿಕೊಂಡು ಹಿಟ್ಟಿನ ಗಿರಣಿಯವನ ಹಾಗೆ ಕಾಣುತ್ತಾನೆ. ಹದಿನಾಲ್ಕು ತುಂಬಿದ್ದೇ ಗಂಟಲು ಒಡೆದಿದೆ, ಒಂದು ಮಾತು ನಿನ್ನ ಹಾಗೆ ಬಂದರೆ ಇನ್ನೊಂದು ಕೋಳಿಮರಿಯ ಹಾಗೆ. ನನ್ನ ಕ್ಷೇಮ ಹೀಗಿದೆ. ನನಗೆ ಬೀದಿಯಲ್ಲಿ ಹೊಸ ಹೆಸರು ಬಂದಿದೆ. ರೊಟ್ಟಿ ಅಂಗಡಿಯ ಮುದುಕಿ ನಿನ್ನೆ ಎಲ್ಲರ ಮುಂದೆ, "ಏನಪ್ಪ ಕಬ್ಬಿಣ ನೋಡೋನೆ, ರೊಟ್ಟಿನಾದ್ರೂ ನೋಡಿ ತಗೋ, ಕೈ ಸುಟ್ಕೋಬೇಡ" ಅಂದಳು. ಸಾಲಿನಲ್ಲಿದ್ದವರು ನಕ್ಕರು. ಮುಂಚೆ ಅದೇ ಮುದುಕಿ ನನಗೆ ಸೀದ ರೊಟ್ಟಿ ಕೊಡುತ್ತಿರಲಿಲ್ಲ, "ಕೇಲಬ್ ಆಕ್ಸ್ಲಿ ಮಗ, ಒಳ್ಳೇದು ಹುಡುಕಿ ಕೊಡು" ಅಂತ ಮಗಳಿಗೆ ಹೇಳುತ್ತಿದ್ದಳು.

ಕಣಿವೆಯುದ್ದಕ್ಕೂ ಇರುವ ಉಗಿ ಸುತ್ತಿಗೆಗಳ ಬಾಗಿಲಿಗೆಲ್ಲ ಹೋಗಿ ಬಂದೆ. ಎಲ್ಲಿ ಸುತ್ತಿಗೆ ಏರಿಳಿಸುವ ಲಿವರ್ ಹಿಡಿಯುವವನು ಬೇಕಾಗಿದ್ದಾನೆ ಅಂತ ಕೇಳಿದೆನೋ ಅಲ್ಲೆಲ್ಲ ಹೋದೆ. ಹೊಳೆಯಾಚೆಯ ಕಾರ್ಖಾನೆಯಲ್ಲಿ ಒಬ್ಬ ಕೆಂಪು ಗಡ್ಡದ ಮೇಸ್ತ್ರಿ ನನ್ನ ತೋಳು ಹಿಡಿದು ನೋಡಿ, ಕೆಲಸ ಕೊಟ್ಟೇಬಿಟ್ಟೆ ಅನ್ನುವ ಹಾಗೆ ತಲೆ ಆಡಿಸಿದ. ಹೆಸರು ಕೇಳಿದ. ಹೇಳಿದೆ. ತೋಳು ಬಿಟ್ಟುಬಿಟ್ಟ. "ತಪ್ಪು ತಿಳ್ಕೋಬೇಡಪ್ಪ. ನನ್ನ ಹತ್ರ ಇರೋರಿಗೆಲ್ಲ ಕೈಗಳು ಬೇಕು. ನಿನ್ನಪ್ಪನೇ ನಿನ್ನ ಇಟ್ಕೊಳ್ಳಲಿಲ್ಲ, ನಾನು ಹೇಗೆ ಇಟ್ಕೊಳ್ಳಲಿ?" ಅಂದ. ಸಿಟ್ಟಿಲ್ಲದೆ, ನಿಧಾನವಾಗಿ ಹೇಳಿದ. ಬೈದಿದ್ದರೆ ನಾನೂ ಬೈದು ಬರುತ್ತಿದ್ದೆ. ಈಗ ಕಾಲುವೆ ಕಟ್ಟೆಯ ಮೇಲೆ ಕುಲುಮೆಗಳ ಬೂದಿಯನ್ನು ದೋಣಿಗೆ ತುಂಬುತ್ತಿದ್ದೇನೆ. ಬೂದಿ ಎತ್ತಲು ಯಾರ ಕೈಯನ್ನೂ ನೋಡಬೇಕಾಗಿಲ್ಲ. ಅಪ್ಪಾ, ನನಗೆ ಬೇರೆ ಕೆಲಸ ಬರುವುದಿಲ್ಲ. ಆ ಲಿವರ್ ಬಿಟ್ಟರೆ ಜಗತ್ತಿನಲ್ಲಿ ನನ್ನ ಕೈಗೆ ಒಪ್ಪುವ ವಸ್ತು ಇನ್ನೊಂದಿಲ್ಲ, ಅದು ನಿನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಯಾಕೆಂದರೆ ಕಲಿಸಿದ್ದು ನೀನೇ. ಅಕ್ಕಾ, ನೀನು ಆಗಲೇ ಮದುವೆಯಾಗಿ ಹೋಗಿದ್ದೆ, ನಿನಗೆ ಇದು ಗೊತ್ತಿಲ್ಲ. ಕುಲುಮೆಯಿಂದ ಬೆಳ್ಳಗೆ ಕಾದ ಕಬ್ಬಿಣ ಬಂದು ಅಡೆಗಲ್ಲಿನ ಮೇಲೆ ಮಲಗಿದಾಗ ಕಣ್ಣು ತಾನಾಗಿಯೇ ಅದರ ಕಡೆ ಓಡುತ್ತದೆ. ಸೂರ್ಯನನ್ನು ಮನೆಯೊಳಗೆ ತಂದಿಟ್ಟ ಹಾಗಿರುತ್ತದೆ. ನಾನೂ ಮೊದಲನೇ ವರ್ಷ ನೋಡುತ್ತಿದ್ದೆ. ಅಪ್ಪ ಕಿವಿಯ ಮೇಲೆ ಬಾರಿಸುತ್ತಿದ್ದ. ಬಾರಿಸಿ ಸಾಕಾದ ಮೇಲೆ ಗಾಡಿ ಕುದುರೆಗೆ ಕಟ್ಟುವ ಕಣ್ಪಟ್ಟಿ ತಂದು ನನ್ನ ತಲೆಗೆ ಬಿಗಿದ. ಕಾರ್ಖಾನೆಯೆಲ್ಲ ಕೆನೆದಿತ್ತು. ನಮ್ಮ ಸುತ್ತಿಗೆಯ ಹಿರಿಯ ಕೆಲಸಗಾರ ಓಬೆಡ್ ತಾತ ನನ್ನ ಜೇಬಿಗೆ ಒಂದು ಹಿಡಿ ಹುಲ್ಲು ತುರುಕಿದ್ದ. ಅಪ್ಪ ಮಾತ್ರ ನಗಲಿಲ್ಲ. ನನ್ನ ಗಲ್ಲ ಹಿಡಿದು ತಿರುಗಿಸಿ, "ಕಬ್ಬಿಣ ನಿನ್ನಪ್ಪನಲ್ಲ ಕಣೋ, ನಾನು ನಿನ್ನಪ್ಪ. ನನ್ನ ಕೈ ನೋಡು" ಅಂದ. ಅಷ್ಟು ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಆದ್ದರಿಂದ ಎಲ್ಲವೂ ಕೈಯಲ್ಲೇ. ಎರಡು ಬೆರಳು ಅಲುಗಿದರೆ ಸಣ್ಣ ಏಟು, ಮುಷ್ಟಿ ಇಳಿದರೆ ಪೂರ್ತಿ ಭಾರ, ಅಂಗೈ ಎತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಕಬ್ಬಿಣವನ್ನು ಮೇಸ್ತ್ರಿಯೊಬ್ಬನೇ ನೋಡಬೇಕು, ಉಳಿದವರೆಲ್ಲ ಮೇಸ್ತ್ರಿಯನ್ನು ನೋಡಬೇಕು. ಒಂದು ಸುತ್ತಿಗೆಗೆ ಒಂದೇ ಜೊತೆ ಕಣ್ಣು. ನಮ್ಮ ಜನ ದೇವರನ್ನು ಬಿಟ್ಟರೂ ಇದನ್ನು ಬಿಡುವುದಿಲ್ಲ.

ಅಪ್ಪಾ, ಕಣ್ಪಟ್ಟಿ ಕಳಚಿದ ಮೇಲೂ ನಾನು ಕಬ್ಬಿಣ ನೋಡಲಿಲ್ಲ. ನಿನ್ನ ಕೈಯ ಗಂಟುಗಳು, ಹೆಬ್ಬೆರಳಿನ ಬುಡದ ಸುಟ್ಟ ಕಲೆ, ಕೈ ಇಳಿಯುವ ಮುಂಚೆ ಮಣಿಕಟ್ಟು ಸ್ವಲ್ಪ ಬಿಗಿಯುವ ರೀತಿ, ಇದೆಲ್ಲ ನನ್ನ ಮುಖಕ್ಕಿಂತ ನನಗೆ ಹೆಚ್ಚು ಪರಿಚಯ. ಲಂಡನ್ನಿನ ದೊಡ್ಡ ಮನುಷ್ಯರು ನೋಡಲು ಬಂದಾಗ ನೀನು ಅಡೆಗಲ್ಲಿನ ಮೇಲೆ ಒಂದು ಅಕ್ರೋಟು ಇಡಿಸಿ, ಮನೆಯಷ್ಟು ತೂಕದ ಸುತ್ತಿಗೆಯಲ್ಲಿ ನನ್ನಿಂದ ಸಿಪ್ಪೆ ಮಾತ್ರ ಒಡೆಸಿ, ತಿರುಳನ್ನು ಅವರ ಹೆಂಗಸರ ಕೈಗೆ ಕೊಟ್ಟೆ. "ನನ್ನ ಮಗ" ಅಂದೆ. ಅಷ್ಟೇ ಅಂದದ್ದು. ಆ ದಿನ ನಾನು ಹೊಟ್ಟೆಗೆ ಏನು ತಿಂದೆನೋ ನೆನಪಿಲ್ಲ, ಆ ಎರಡು ಮಾತಿನಲ್ಲೇ ತುಂಬಿಹೋಗಿತ್ತು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು, ಇರಲಿ.

ಈಗ ಕಣ್ಣಿನ ಮಾತು. ಅಕ್ಕಾ, ಉಸಿರು ತೆಗೆದುಕೊಂಡು ಓದು. ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕತ್ತಲೆಯಲ್ಲ, ಆದರೆ ಬೆಳ್ಳಗೆ ಕಾದದ್ದೂ ಕೆಂಪಗೆ ಆರಿದ್ದೂ ಅವನಿಗೆ ಒಂದೇ. ಮನುಷ್ಯರನ್ನು ನಡಿಗೆಯ ಸದ್ದಿನಿಂದ ಗುರುತಿಸುತ್ತಾನೆ. ವರ್ಷಗಟ್ಟಲೆ ಕುಲುಮೆಯ ಬಾಯಿ ನೋಡಿದವರಿಗೆ ಬರುವ ಪೊರೆ ಅಂತೆ, ಅಮ್ಮ ಗುಟ್ಟಾಗಿ ಕರೆದುಕೊಂಡು ಹೋಗಿ ತೋರಿಸಿದ ಡಾಕ್ಟರು ಹೇಳಿದ್ದು. ಹೋದ ವರ್ಷ ಚಳಿಗಾಲದಲ್ಲಿ ಒಂದು ಭಾನುವಾರ ಚಾಪೆಲಿನಿಂದ ಬಂದು ಕುಳಿತಾಗ ಅಪ್ಪ ಟೀಯನ್ನು ಕಪ್ಪಿನ ಪಕ್ಕಕ್ಕೆ ಸುರಿದ. ಮೇಜಿನಿಂದ ಹರಿದು ಅವನ ತೊಡೆಗೆ ಬಿದ್ದಾಗಲೇ ಅವನಿಗೆ ಗೊತ್ತಾದದ್ದು. ಅಮ್ಮ ಬಟ್ಟೆ ತಂದು ಒರೆಸಿ, ಜೋಯಲ್‌ನನ್ನು ಹೊರಗೆ ಕಳಿಸಿ, ನನ್ನ ಎದುರಿಗೆ ಕುಳಿತಳು. "ಸುತ್ತಿಗೆ ಬಿಟ್ರೆ ನಿಮ್ಮಪ್ಪ ಒಂದು ವರ್ಷ ಬದುಕಲ್ಲ. ಬಾಗಿಲು ಕಾಯೋ ಕೆಲಸ ಕೊಡ್ತಾರೆ, ಅದೂ ಕರುಣೆಗೆ. ನೀನು ಅಲ್ಲೇ ನಿಂತಿರ್ತೀಯ. ನಿನ್ನ ಕಣ್ಣು ಎಳೇದು. ಅವರಿಗೆ ಸ್ವಲ್ಪ ಕೊಟ್ರೆ ನಿನಗೇನು ಸವೆಯುತ್ತೆ?" ಅಂದಳು. ನಾನು ಅಪ್ಪನ ಕಡೆ ತಿರುಗಿದೆ. ಅವನು ಬೇಡ ಅನ್ನಲಿ ಅಂತ ಕಾದೆ. ಅವನು ಒದ್ದೆ ತೊಡೆಯನ್ನು ಉಜ್ಜಿಕೊಳ್ಳುತ್ತಾ ಕೂತಿದ್ದ. ಆಮೇಲೆ, "ಓಬೆಡ್‌ಗೆ ಗೊತ್ತಾಗಬಾರದು" ಅಂದ. ಒಪ್ಪಿಗೆ ಅಂದರೆ ಅದೇ.

ನೆನಪಿದೆಯಲ್ಲ ಅಪ್ಪಾ, ಆಟವನ್ನು ಕಟ್ಟಿದ್ದು ನೀನೇ. ನಾನು ಲಿವರ್ ಒಂದು ಕೂದಲೆಳೆಯಷ್ಟು ಸರಿಸಿದರೆ ಸುತ್ತಿಗೆ ಅಲ್ಲಾಡುವುದಿಲ್ಲ, ಉಗಿ ಮಾತ್ರ 'ಸ್ಸ್' ಅಂತ ಉಸಿರು ಬಿಡುತ್ತದೆ. ಆ ಉಸಿರು ಕೇಳಿದರೆ ಕಬ್ಬಿಣ ಹದವಾಗಿದೆ, ಜನ ಸರಿಯಾಗಿ ನಿಂತಿದ್ದಾರೆ ಅಂತ ಅರ್ಥ. ಆಗ ನೀನು ಕೈ ಇಳಿಸುತ್ತಿದ್ದೆ. ಆಮೇಲೆ ನಾನು ಹೊಡೆಯುತ್ತಿದ್ದೆ. ನೋಡುವವರಿಗೆ ಮಗ ಅಪ್ಪನ ಮಾತು ಕೇಳುತ್ತಿದ್ದ, ನಿಜಕ್ಕೂ ಅಪ್ಪ ಮಗನ ಮಾತು ಕೇಳುತ್ತಿದ್ದ. ಇಡೀ ವರ್ಷ ಹೀಗೇ ನಡೆಸಿದೆವು. ಹಡಗಿನ ತಿರುಗುದಂಡಗಳು, ರೈಲಿನ ಅಚ್ಚುಗಳು, ಒಂದೂ ಬಿರುಕು ಬಿಡಲಿಲ್ಲ. "ಕೇಲಬ್‌ಗೆ ವಯಸ್ಸಾದಷ್ಟೂ ಕಣ್ಣು ಚುರುಕಾಗ್ತಿದೆ" ಅಂತ ಮ್ಯಾನೇಜರ್ ಗಾರ್ಸೈಡ್ ಸಾಹೇಬರು ಹೊಗಳಿದಾಗ ನೀನು ಟೋಪಿ ಮುಟ್ಟಿ ಸಲಾಂ ಹೊಡೆದೆ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನು ನಿನ್ನ ಕಣ್ಣಾಗಿದ್ದೆ ಅಂತ ಹೆಮ್ಮೆಪಟ್ಟುಕೊಂಡೆ. ಕಿವಿಗೆ ಬಾರಿಸಿ ಬಿಡಿಸಿದ ಚಾಳಿಯನ್ನು ಅಮ್ಮ ಕೈಮುಗಿದು ಮತ್ತೆ ಹಚ್ಚಿಸಿದಳು. ಅದಕ್ಕೇ ನಾನು ಕಬ್ಬಿಣ ನೋಡುತ್ತಿದ್ದೆ, ಇನ್ಯಾವುದಕ್ಕೂ ಅಲ್ಲ.

ಆ ದಿನ ಏನಾಯಿತು ಅಂತ ನಿನಗೆ ನಾನು ಹೇಳಬೇಕು, ಯಾಕೆಂದರೆ ನೀನು ಅಲ್ಲಿದ್ದರೂ ನೋಡಿಲ್ಲ. ದಂಡದ ತುದಿಯ ಹೆಚ್ಚಾದ ಕಬ್ಬಿಣ ಕಡಿಯಬೇಕಿತ್ತು. ಬೆನ್ ಹೇಗ್ ಎಂದಿನಂತೆ ಉದ್ದ ಹಿಡಿಯ ದೊಡ್ಡ ಉಳಿಯನ್ನು ಕಬ್ಬಿಣದ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡ. ಉಳಿ ಒಂದಿಷ್ಟೂ ಓರೆಯಿರಲಿಲ್ಲ. ಕಬ್ಬಿಣ ಹದವಾಗಿತ್ತು. ನಾನು ಉಸಿರು ಬಿಡಿಸಿದೆ. ಅದೇ ಹೊತ್ತಿಗೆ ಪಕ್ಕದ ಹೊಸ ಸುತ್ತಿಗೆಯವರು ತಮ್ಮ ಉಗಿಯನ್ನೆಲ್ಲ ಒಟ್ಟಿಗೆ ಹೊರಕ್ಕೆ ಬಿಟ್ಟರು. ಸೂರು ಹಾರಿಹೋಗುವಂಥ ಸದ್ದು. ನನ್ನ ಉಸಿರು ನಿನಗೆ ಕೇಳಲಿಲ್ಲ. ನಿನ್ನ ಮುಷ್ಟಿ ಗಾಳಿಯಲ್ಲಿ ನಿಂತೇ ಇತ್ತು. ಇನ್ನೊಂದು ಸಲ ಬಿಡಿಸಿದೆ, ನಿಂತೇ ಇತ್ತು. ಬಿಳುಪು ಹಳದಿಗೆ ತಿರುಗುತ್ತಿತ್ತು. ಆರಿದ ಕಬ್ಬಿಣಕ್ಕೆ ಹೊಡೆದರೆ ಉಳಿ ಸಿಡಿಯುತ್ತದೆ, ಹೊಡೆಯದಿದ್ದರೆ ಇಷ್ಟು ಹೊತ್ತು ಮೇಸ್ತ್ರಿ ಏನು ನೋಡುತ್ತಿದ್ದಾನೆ ಅಂತ ಓಬೆಡ್ ತಾತ ಕತ್ತೆತ್ತುತ್ತಾನೆ. ಆಗಲೇ ಅವನು ಕತ್ತೆತ್ತಿದ್ದ. ನಿನ್ನ ಮಾನ ಉಳಿಸಲು ನಾನು ಹೊಡೆದೆ. ನಾನು ಲಿವರ್ ಎಳೆದ ಗಳಿಗೆಗೇ ನೀನು ಮುಷ್ಟಿ ಬಿಚ್ಚಿ ಅಂಗೈ ಎತ್ತಿದೆ, ಏನೋ ತಡವಾಗಿದೆ, ಎಲ್ಲರೂ ನಿಲ್ಲಲಿ ಅಂತ. ಬೆನ್ ಒಳ್ಳೆಯ ಕೆಲಸಗಾರ, ನಿನ್ನ ಕೈಯನ್ನೇ ನೋಡುತ್ತಿದ್ದ. ಅಂಗೈ ಕಂಡ ಕೂಡಲೇ ಉಳಿಯನ್ನು ಎತ್ತಲು ಹೋದ. ಮೇಲಿನಿಂದ ಸುತ್ತಿಗೆ ಬಂತು. ಓರೆಯಾದ ಉಳಿ ಹಿಡಿಯ ಸಮೇತ ತಿರುಗಿ ಅವನ ಬಲಗೈಯನ್ನು ಅಡೆಗಲ್ಲಿನ ಅಂಚಿಗೆ ಜಜ್ಜಿತು. ಅವನು ನಿನ್ನನ್ನು ನೋಡಿದ, ನಾನು ಕಬ್ಬಿಣ ನೋಡಿದೆ. ಒಂದು ಸುತ್ತಿಗೆಗೆ ಎರಡು ಜೊತೆ ಕಣ್ಣಾಯಿತು. ಎರಡೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದವು.

ಬೆನ್‌ನನ್ನು ಗಾಡಿಗೆ ಹಾಕಿ ಆಸ್ಪತ್ರೆಗೆ ಕಳಿಸಿ, ಗಾರ್ಸೈಡ್ ಸಾಹೇಬರು ನಮ್ಮನ್ನೆಲ್ಲ ಸುತ್ತಿಗೆಯ ಬುಡದಲ್ಲೇ ನಿಲ್ಲಿಸಿದರು. "ಕೇಲಬ್, ನೀನು ಸನ್ನೆ ಕೊಟ್ಟೆಯಾ?" ಅಂತ ಕೇಳಿದರು. ಅಪ್ಪಾ, ನಾನು ನಿನ್ನಿಂದ ಸುಳ್ಳು ಬಯಸಲಿಲ್ಲ. ಕೊಟ್ಟೆ ಅನ್ನು ಅಂತ ಮನಸ್ಸಿನಲ್ಲೂ ಬೇಡಲಿಲ್ಲ. 'ಕೊಡಲಿಲ್ಲ, ಆದರೆ' ಅನ್ನುತ್ತೀಯ ಅಂದುಕೊಂಡಿದ್ದೆ. ಆ 'ಆದರೆ' ಒಂದಕ್ಕೇ ಕಾದು ನಿಂತಿದ್ದೆ. "ಇಲ್ಲ ಸ್ವಾಮಿ. ನಾನು ಕೈ ಇಳಿಸಲೇ ಇಲ್ಲ" ಅಂದೆ ನೀನು. ಅಲ್ಲಿಗೇ ನಿಲ್ಲಿಸಿದೆ. ಅವರು ನನ್ನ ಕಡೆ ತಿರುಗಿದರು. "ಸೇಥ್, ಎಲ್ಲಿ ನೋಡ್ತಿದ್ದೆ?" "ಕಬ್ಬಿಣದ ಕಡೆ." ಓಬೆಡ್ ತಾತ ಕಾಲ ಬುಡಕ್ಕೆ ಉಗುಳಿದ. "ನಿಮ್ಮಪ್ಪನ ಕಣ್ಣು ಅಲ್ಲಿರೋವಾಗ ನಿನ್ನ ಕಣ್ಣಿಗೇನೋ ಅಲ್ಲಿ ಕೆಲಸ? ದೊಡ್ಡ ಮೇಸ್ತ್ರಿ ಆಗ್ಬಿಟ್ಯಾ?" ಅಂದ. ಅವನಿಗೆ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇತ್ತು. ಹೇಳಬೇಕಾದವನು ನೀನು ಅಂತ ನುಂಗಿಕೊಂಡೆ. ಇನ್ನೊಂದು ವಿಷಯ ಗೊತ್ತಾ? ಸಾಹೇಬರು ಅಷ್ಟರಲ್ಲಿ ಕುಲುಮೆಯ ಕಡೆಗೆ ಸರಿದಿದ್ದರು. ನೀನು ಅವರಿದ್ದ ಹಳೆಯ ಜಾಗಕ್ಕೇ, ಅಂದರೆ ಬರಿಯ ಕಬ್ಬಿಣದ ಕಂಬಕ್ಕೆ, ಟೋಪಿ ತೆಗೆದು, "ಹುಡುಗನ್ನ ನಾನು ಇನ್ನು ಇಟ್ಕೊಳ್ಳೋಕಾಗಲ್ಲ ಸ್ವಾಮಿ" ಅಂದೆ. ಜನ ನಿನಗೆ ದುಃಖದಿಂದ ಮುಖ ಎತ್ತಲಾಗುತ್ತಿಲ್ಲ ಅಂದುಕೊಂಡರು. ಒಬ್ಬ ಕಣ್ಣೂ ಒರೆಸಿಕೊಂಡ. ನೀನು ನನ್ನ ಕತ್ತು ಕುಯ್ದದ್ದು ಒಂದು ಕಂಬವನ್ನು ಸಾಕ್ಷಿ ಇಟ್ಟುಕೊಂಡು, ಅದು ನನಗೊಬ್ಬನಿಗೇ ಕಂಡಿತು.

ನಿಜ ಹೇಳಿದೆ ಅಂತ ನೀನು ಸಮಾಧಾನ ಮಾಡಿಕೊಂಡಿರಬಹುದು. ಅಮ್ಮನ ಸಮಾಧಾನವೂ ಅದೇ. "ನಿಮ್ಮಪ್ಪ ಒಂದಕ್ಷರ ಸುಳ್ಳಾಡಿಲ್ಲ" ಅನ್ನುತ್ತಾಳೆ. ಆಡಿಲ್ಲ. ಸುಳ್ಳಾಡಿದ್ದರೆ ಎದುರಿಗೆ ನಿಂತು ಸುಳ್ಳು ಅನ್ನಬಹುದಿತ್ತು. ಅರ್ಧ ನಿಜ ಹೇಳಿದವನನ್ನು ಏನು ಅನ್ನಬೇಕು ಅಂತ ನನಗೆ ಯಾವ ಭಾನುವಾರದ ಶಾಲೆಯಲ್ಲೂ ಕಲಿಸಿಲ್ಲ. "ನಿನಗೆ ಇನ್ನೂ ವಯಸ್ಸಿದೆ, ಎಲ್ಲಾದ್ರೂ ಬದುಕ್ಕೋತೀಯ. ಅವರಿಗೆ ಏನಿದೆ?" ಅಂತಲೂ ಅಮ್ಮ ಕೇಳುತ್ತಾಳೆ. ಬೂದಿ ಮೆತ್ತಿದ ಬಟ್ಟೆಯನ್ನು ಬಾಗಿಲ ಹೊರಗೇ ಕಳಚಿ ಬಾ ಅನ್ನುತ್ತಾಳೆ. ಊಟಕ್ಕೆ ಬ್ರೆಡ್ಡಿಗೆ ಕೊಬ್ಬು ಸವರಿ ಕೊಡುವಾಗ ನನ್ನ ಮುಖ ನೋಡುವುದಿಲ್ಲ. ಅವಳಿಗೂ ಒಳಗೊಳಗೆ ಉರಿಯುತ್ತಿರಬಹುದು. ಇದ್ದರೆ ಇರಲಿ, ನಾನು ವಿಚಾರಿಸಲು ಹೋಗುವುದಿಲ್ಲ.

ಬೆನ್‌ನ ಮನೆಗೆ ಹೋಗಿದ್ದೆ. ಅದನ್ನು ನಿನಗೆ ಯಾರೂ ಬರೆದಿರುವುದಿಲ್ಲ. ಬಲಗೈಯನ್ನು ಮಣಿಕಟ್ಟಿನಿಂದ ಕೆಳಗೆ ತೆಗೆದುಹಾಕಿದ್ದಾರೆ. ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿಯುತ್ತಿದ್ದ, ಅರ್ಧ ಗಡ್ಡದ ಮೇಲಿತ್ತು. ಅವನ ಹೆಂಡತಿ ನನ್ನನ್ನು ಹೊಸ್ತಿಲು ದಾಟಿಸಲಿಲ್ಲ, ಅವನೇ "ಬಿಡು, ಒಳಗೆ ಬರಲಿ" ಅಂದ. ನಾನು ಟೋಪಿ ಹಿಂಡುತ್ತಾ ನಿಂತೆ. "ನಿಮ್ಮಪ್ಪ ಕೈ ಎತ್ತಿದ್ದನ್ನ ನಾನು ನೋಡ್ದೆ ಕಣೋ. ಅಷ್ಟು ಗದ್ದಲದಲ್ಲೂ ನನ್ನ ಉಳಿಸೋಕೆ ಕೈ ಎತ್ತಿದ. ಅಂಥ ಮೇಸ್ತ್ರಿ ಇನ್ನೊಬ್ಬ ಹುಟ್ಟಲ್ಲ" ಅಂದ. ನಿನ್ನ ಕೈಗೆ ಅವನು ಈಗಲೂ ಕೈಮುಗಿಯುತ್ತಾನೆ, ಮುಗಿಯಲು ಅವನಿಗೆ ಇನ್ನೊಂದು ಕೈ ಇಲ್ಲ. ನಾನು ಕ್ಷಮಿಸು ಅಂತ ಕೂಡ ಅನ್ನಲಿಲ್ಲ, ಯಾಕೆಂದರೆ ಆ ಮಾತನ್ನು ನಾನೊಬ್ಬನೇ ಹೇಳಿದರೆ ಅದೂ ಅರ್ಧ ನಿಜವೇ.

ನನಗೆ ಬೇಕಾದದ್ದು ಇಷ್ಟು. ನಾಳೆಯಲ್ಲ, ಅದರ ಮುಂದಿನ ಸೋಮವಾರ ನೀನು ಕೆಲಸಕ್ಕೆ ವಾಪಸ್ಸು ಬರುತ್ತೀಯ. ಬಂದ ದಿನವೇ, ಎಲ್ಲರೂ ಸೇರಿದಾಗ, ಅದೇ ಸುತ್ತಿಗೆಯ ಬುಡದಲ್ಲಿ ನಿಂತು ಹೇಳಬೇಕು. 'ಒಂದು ವರ್ಷದಿಂದ ನನಗೆ ಕಾಣುತ್ತಿಲ್ಲ, ನಾನೇ ಹುಡುಗನಿಗೆ ಕಬ್ಬಿಣ ನೋಡಲು ಹೇಳಿದ್ದೆ.' ಇದಕ್ಕೆ ಹೆಚ್ಚು ಉಸಿರು ಬೇಕಾಗಿಲ್ಲ. ನಿನ್ನ ಪಕ್ಕದಲ್ಲಿ ನಾನು ನಿಂತಿರುತ್ತೇನೆ, ಯಾರು ಎಲ್ಲಿ ನಿಂತಿದ್ದಾರೆ ಅಂತ ನಾನೇ ನಿನ್ನ ಭುಜ ಹಿಡಿದು ತಿರುಗಿಸುತ್ತೇನೆ. ಆಮೇಲೆ ಬೈಯುವವರು ಇಬ್ಬರನ್ನೂ ಬೈಯಲಿ. ನೀನು ಬಾಗಿಲು ಕಾದರೆ ನಾನು ಲಿವರ್ ಹಿಡಿದು ಮನೆ ನಡೆಸುತ್ತೇನೆ. ಅಲ್ಲಿಯವರೆಗೂ ನಾನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ನೀನಾಗಿ ಹೇಳಬೇಕು, ಅದಕ್ಕೇ ಇಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದೇನೆ. ಬೇರೆ ಏನೂ ಕೇಳುತ್ತಿಲ್ಲ.

ಭಾವನಿಗೆ ನಮಸ್ಕಾರ. ಅಕ್ಕನ ಮಗುವಿಗೆ ಮುತ್ತು, ಅದಕ್ಕೆ ಹಲ್ಲು ಬಂತೇ ಅಂತ ಬರೆಯಲಿ. ನಿನಗೆ ದೇವರು ಒಳ್ಳೆಯದು ಮಾಡಲಿ ಅಂತ ಬರೆಯುವುದು ವಾಡಿಕೆ. ಮಾಡಲಿ, ಸೋಮವಾರದಿಂದ ಶುರು ಮಾಡಲಿ.

ಇಂತಿ,
ಇನ್ನೂ ನಿನ್ನ ಮಗನೇ ಆಗಿರುವ
ಸೇಥ್ ಆಕ್ಸ್ಲಿ

ಮರೆತದ್ದು: ಮೇಲೆ ಕೊನೆಗೆ ಕೇಳಿಕೊಂಡದ್ದು ರದ್ದು. ಸೋಮವಾರದವರೆಗೆ ಕಾಯುವುದಿಲ್ಲ. ಕಾಗದ ಅಂಟಿಸಲು ಗೋಂದು ಹುಡುಕಿಕೊಂಡು ಕೆಳಗೆ ಇಳಿದೆ. ಅಡುಗೆಮನೆಯಲ್ಲಿ ಅಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮುಷ್ಟಿ ಮೇಲೆತ್ತಿ ನಿಂತಿದ್ದಾಳೆ. ಎದುರಿಗೆ ಜೋಯಲ್. ಒಲೆಯ ಮೇಲೆ ಕೆಟಲ್. "ನನ್ನ ಕೈ ನೋಡ್ಬೇಡ ಕಣೋ, ಕೆಟಲ್ ನೋಡು. ಮುಚ್ಚಳ ಅಲುಗಿದ ತಕ್ಷಣ ಉಸಿರು ಬಿಡು, ಕೇಳಿದ್ರೆ ನಾನು ಕೈ ಇಳಿಸ್ತೀನಿ" ಅನ್ನುತ್ತಿದ್ದಾಳೆ. ಮುಚ್ಚಳ ಅಲುಗಿತು. ಜೋಯಲ್ ಹಲ್ಲಿನ ಸಂದಿಯಿಂದ 'ಸ್ಸ್' ಅಂದ. ಅಮ್ಮನ ಕೈ ಇಳಿಯಿತು. ಅವನು ಮೇಜಿಗೆ ಗುದ್ದಿದ. ಇದು ಯಾರ ಯೋಚನೆ ಅಂತ ಅಮ್ಮನನ್ನು ಕೇಳಿದೆ. "ನಿಮ್ಮಪ್ಪ ರೈಲು ಹತ್ತೋ ಮುಂಚೆನೇ ಗಾರ್ಸೈಡ್ ಸಾಹೇಬ್ರ ಹತ್ರ ಮಾತಾಡಿ ಹೋಗಿದ್ದಾರೆ. ಲಿವರ್‌ಗೆ ಜೋಯಲ್ ಬರ್ತಾನೆ ಅಂತ. ಮನೇಲಿ ಇನ್ಯಾರಿದ್ದಾರೆ ಹೇಳು?" ಅಂದಳು. ಸ್ಟೇಷನ್ನಿನಲ್ಲಿ ಅವನ ತಲೆ ಸವರಿದ್ದು ಅದಕ್ಕೇ ಅಂತ ಈಗ ತಿಳಿಯಿತು. ಜೋಯಲ್ ನನ್ನ ಮುಖ ನೋಡಿ, "ನಾನು ನಿನ್ನ ಥರ ಮಾಡಲ್ಲ ಅಣ್ಣ. ನಾನು ಸರಿಯಾಗಿ ನೋಡ್ತೀನಿ" ಅಂದ. ಅವನು ಇದನ್ನು ದೊಡ್ಡ ಗೌರವ ಅಂದುಕೊಂಡಿದ್ದಾನೆ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

ನನ್ನ ಹೆಸರು ಹಾಳಾದದ್ದು ಹಾಳಾಯಿತು, ಅದನ್ನು ನೀನು ಸರಿಮಾಡದಿದ್ದರೂ ಇವತ್ತು ಕೇಳುವುದಿಲ್ಲ. ಆದರೆ ಇನ್ನೊಬ್ಬ ಬೆನ್ ಹೇಗ್ ಮುಂದೆ ಇವನನ್ನು ನಿಲ್ಲಿಸಲು ಬಿಡುವುದಿಲ್ಲ. ಗಾರ್ಸೈಡ್ ಸಾಹೇಬರ ಮನೆ ದಿಬ್ಬದ ಮೇಲೆ, ಭಾನುವಾರ ಊಟ ಮುಗಿಸಿ ಮನೆಯಲ್ಲೇ ಇರುತ್ತಾರೆ. ನಿನ್ನ ಕಣ್ಣಿನ ವಿಷಯ ಈಗಲೇ ಹೋಗಿ ಹೇಳುತ್ತೇನೆ. ಅಲ್ಲಿಂದ ಬೆನ್ ಮನೆಗೆ. ಅವನಿಗೂ ಹೇಳುತ್ತೇನೆ, ಅವನು ನಂಬದಿದ್ದರೂ ಹೇಳುತ್ತೇನೆ. ಇದನ್ನು ನಿಂತುಕೊಂಡೇ ಮೇಜಿನ ಮೂಲೆಯಲ್ಲಿ ಬರೆಯುತ್ತಿದ್ದೇನೆ. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ, "ಹೋಗು, ಹೇಳು. ಚಳಿಗಾಲ ಹೇಗೆ ಕಳೀಬೇಕು ಅಂತಾನೂ ಅವರನ್ನೇ ಕೇಳ್ಕೊಂಡು ಬಾ" ಅನ್ನುತ್ತಿದ್ದಾಳೆ. ಕೇಳುವುದಿಲ್ಲ, ವಾಪಸ್ಸೂ ಬರುವುದಿಲ್ಲ. ಜೋಯಲ್ ಅಳುತ್ತಿದ್ದಾನೆ, ನಾನು ಅವನ ಕೆಲಸ ಕಿತ್ತುಕೊಂಡೆನಂತೆ. ಅಳಲಿ, ಎರಡು ಕೈಯಲ್ಲೂ ಕಣ್ಣು ಒರೆಸಿಕೊಳ್ಳುತ್ತಿದ್ದಾನೆ, ನನಗೆ ಅಷ್ಟು ಸಾಕು. ಅಂಚೆ ಡಬ್ಬಿ ದಾರಿಯಲ್ಲೇ ಇದೆ. ಅಮ್ಮನನ್ನು ಪಕ್ಕಕ್ಕೆ ಸರಿಸಿ, ಬಾಗಿಲನ್ನು ಬೀದಿಗೆಲ್ಲ ಕೇಳುವ ಹಾಗೆ ಬಡಿದು ಹೊರಡುತ್ತೇನೆ.